ರೂಪಾಯಿಯ ರೂಪ

ಬೆಳ್ಳಿಯ ನಾಣ್ಯವೊಂದನ್ನು ಕೈಗಿತ್ತರೆ ನಮ್ಮ ಜನರು ಮೊದಲು ವಿಚಾರಿಸುವುದು ಅದರ ತೂಕವನ್ನು. ರೂಪವನ್ನು ವಿಚಾರಿಸುವವರು ವಿರಳ. ಆದರೆ ‘ರೂಪ್ಯ’ವೆಂಬ ಶಬ್ದಕ್ಕೆ ಪಾಣಿನಿಮಹರ್ಷಿಯು ಎರಡು ಅರ್ಥಗಳನ್ನು ವಿಧಿಸಿರುವನು: ಅಚ್ಚೊತ್ತಿದ ರೂಪವುಳ್ಳದ್ದೆಂಬುದು ಒಂದು, ಪ್ರಶಂಸನೀಯವಾದ ರೂಪವುಳ್ಳದ್ದೆಂಬುದು ಮತ್ತೊಂದು. ನಮ್ಮ ರೂಪಾಯಿಯ ಹೆಸರು ಈ ಶಬ್ದದಿಂದಲೇ ಬಂದುದು. ಒತ್ತಿದ ರೂಪವೆಲ್ಲವೂ ಪ್ರಶಂಸನೀಯವಲ್ಲವಷ್ಟೆ! ಈ ವಿವೇಕವೇ ನಾಣ್ಯಸಂಗ್ರಹದ ಮೂಲ.

ಐದನೆಯ ಜಾರ್ಜ್ ದೊರೆಯ ಹೆಸರಿನಲ್ಲಿ 1911ರಲ್ಲಿ ಅಚ್ಚಾದ ರೂಪಾಯಿಯನ್ನು ನೋಡಿರಿ. ದೊರೆಯ ನಿಲುವಂಗಿಯ ಮೇಲೆ ಪುಟ್ಟದೊಂದು ಆನೆಯಿದ್ದಿತು. ಅದರ ಸೊಂಡಿಲು ಮೋಟಾಗಿದ್ದುದರಿಂದ ಜನರು ಅದನ್ನು ಹಂದಿಯೆಂದು ಬಗೆದು ಅಸಮಾಧಾನಗೊಂಡರು. 1912ರಲ್ಲಿ ಆನೆಯನ್ನು ತಿದ್ದಿ ಹೊಸದಾಗಿ ಅಚ್ಚೊತ್ತಬೇಕಾಯಿತು. ಬೆಳ್ಳಿಯಲ್ಲಿ ಕೊರತೆಯಿರಲಿಲ್ಲ, ಕೊರತೆಯಿದ್ದುದು ಸಾಸಿವೆಯಷ್ಟು ರೂಪದಲ್ಲಿ.

ಇನ್ನು ಸ್ವತಂತ್ರ ಭಾರತದ ಸ್ಮಾರಕನಾಣ್ಯಗಳಲ್ಲಿ ಎರಡನ್ನು ಹೋಲಿಸೋಣ. ಗಾಂಧೀಜಿಯವರ ಜನ್ಮಶತಾಬ್ದಿಗಾಗಿ 1969ರಲ್ಲಿ ಹೊರಟ ಹತ್ತು ರೂಪಾಯಿಯ ನಾಣ್ಯವು 15 ಗ್ರಾಂ ತೂಗುವುದು. ಅದರಲ್ಲಿ ನೂರಕ್ಕೆ 80 ಪಾಲು ಬೆಳ್ಳಿ. ಸ್ವಾತಂತ್ರ್ಯದ ಇಪ್ಪತ್ತೈದನೆಯ ವರ್ಷದ ನೆನಪಿಗಾಗಿ 1972ರಲ್ಲಿ ಬಂದ ಹತ್ತು ರೂಪಾಯಿಯು 22.5 ಗ್ರಾಂ ತೂಗಿದರೂ ಅದರಲ್ಲಿ ಬೆಳ್ಳಿ ಅರ್ಧ ಮಾತ್ರ. ಲೆಕ್ಕ ಹಾಕಿದರೆ ಚಿಕ್ಕ ನಾಣ್ಯದಲ್ಲಿ 12 ಗ್ರಾಂ, ದೊಡ್ಡದರಲ್ಲಿ 11.25 ಗ್ರಾಂ! ಗಾತ್ರವನ್ನು ನಂಬುವವನು ಇಲ್ಲಿಯೇ ಮೋಸಹೋಗುವನು.

ರೂಪದಲ್ಲಿಯೂ ಚಿಕ್ಕದೇ ಮೇಲೆಂಬುದು ನನ್ನ ಮತ. 1972ರ ನಾಣ್ಯದಲ್ಲಿ ಸಂಸದ್ಭವನ, ಬಾವುಟ, ಅದನ್ನು ಹಿಡಿದ ದಂಪತಿಗಳು, ಎಲ್ಲವೂ ಒಂದೇ ವೃತ್ತದಲ್ಲಿ ಇಕ್ಕಟ್ಟಾಗಿ ನಿಂತಿರುವುವು, ಕಣ್ಣಿಗೆ ವಿಶ್ರಾಂತಿಯಿಲ್ಲ. ಗಾಂಧಿನಾಣ್ಯದಲ್ಲಿರುವುದು ಒಂದು ಮುಖ, ಹೆಸರು, ಹುಟ್ಟಿದ ಮತ್ತು ಅಳಿದ ವರ್ಷಗಳು. ಉಳಿದುದು ಬರಿಯ ಬಯಲು. ಸರಳವಾಗಿ ಬಾಳಿದ ಮಹಾತ್ಮರಿಗೆ ಆ ಬಯಲೇ ಅಲಂಕಾರ. ಕ್ಷೇಮೇಂದ್ರನು ಕಾವ್ಯಕ್ಕೆ ಜೀವವೆಂದ ಔಚಿತ್ಯವು ನಾಣ್ಯಕ್ಕೂ ಜೀವವೇ ಸರಿ.

ಈ ನಾಣ್ಯವೊಂದನ್ನು ನಮ್ಮ ತಂದೆಯವರು ಇಟ್ಟುಕೊಂಡಿದ್ದರು. ನಾನು ಬಾಲಕನಾಗಿದ್ದಾಗ, ದೀಪಾವಳಿಯ ಲಕ್ಷ್ಮೀಪೂಜೆಗೆ ಬೆಳಗಲೆಂದು ಅದನ್ನು ಹುಣಸೆಹಣ್ಣು, ಒಲೆಯ ಬೂದಿಗಳಿಂದ ಬಲವಾಗಿ ತಿಕ್ಕಿದೆನು. ಅದು ಥಳಥಳಿಸಿತು. ತಂದೆಯವರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, “ತೂಕ ಹಾಗೆಯೇ ಇದೆ, ಮಗು, ಮುಖ ಹೋಯಿತು” ಎಂದರು. ಹುಬ್ಬಿನ ಗೆರೆಯೂ ಮೀಸೆಯ ನವುರೂ ಸವೆದುಹೋಗಿದ್ದುವು. ಅವರು ಗದರಿಸಲಿಲ್ಲ, ಗದರಿಸಿದ್ದರೆ ನಾನು ಎಂದೋ ಮರೆತುಬಿಡುತ್ತಿದ್ದೆನು.

ಆದಕಾರಣ ಗೃಹಸ್ಥರಲ್ಲಿ ನನ್ನ ವಿಜ್ಞಾಪನೆ ಇಷ್ಟೆ. ನಾಣ್ಯವನ್ನು ಅಂಚಿನಲ್ಲಿ ಹಿಡಿಯಿರಿ, ತೇವ ತಾಕದಂತೆ ಇಡಿರಿ, ಕಪ್ಪಾಯಿತೆಂದು ಉಜ್ಜಬೇಡಿರಿ. ಗಾಳಿಯಲ್ಲಿರುವ ಗಂಧಕದ ಅಂಶ ತಗುಲಿ ಬೆಳ್ಳಿ ಕಪ್ಪಾಗುವುದು ಸಹಜ. ಬೆಲೆ ಏರಿತೆಂದು ಅಕ್ಕಸಾಲಿಗನ ಮೂಸೆಗೆ ಹಾಕುವ ಮೊದಲು ಅದನ್ನೊಮ್ಮೆ ಮಕ್ಕಳ ಅಂಗೈಯಲ್ಲಿಟ್ಟು, ಈ ಮುಖ ಯಾರದು, ಏಕೆ ಇಲ್ಲಿದೆ ಎಂದು ಕೇಳಿರಿ. ಕರಗಿದ ಬೆಳ್ಳಿಯನ್ನು ಮತ್ತೆ ಕೊಳ್ಳಬಹುದು. ತಂದೆಯ ಕೈ ಮುಟ್ಟಿದ ರೂಪವನ್ನು ಕೊಳ್ಳುವುದು ಎಲ್ಲಿ? ಸವೆದ ಮುಖದ ಆ ನಾಣ್ಯ ಇಂದಿಗೂ ನನ್ನ ಪೆಟ್ಟಿಗೆಯಲ್ಲಿದೆ.