ಛಾಯಾಚಿತ್ರ ತಿದ್ದುವ ತಂತ್ರಾಂಶ: ಹೊಸ ಆವೃತ್ತಿ ಬೇಕೆ?

ಪುಸ್ತಕವೊಂದರ ಹೊಸ ಆವೃತ್ತಿ ಹೊರಬಂದಾಗ ವಿವೇಕಿಯಾದ ಓದುಗನು ಮೊದಲು ಅದರ ಮುನ್ನುಡಿಯನ್ನು ನೋಡುತ್ತಾನೆ. ಯಾವ ಅಧ್ಯಾಯ ಹೊಸದಾಗಿ ಸೇರಿದೆ, ಯಾವ ದೋಷ ತಿದ್ದಲ್ಪಟ್ಟಿದೆ ಎಂಬುದನ್ನು ತಿಳಿದ ಮೇಲೆಯೇ ಹಳೆಯ ಪ್ರತಿಯನ್ನು ಇಟ್ಟುಕೊಳ್ಳಬೇಕೆ, ಬಿಡಬೇಕೆ ಎಂದು ನಿರ್ಧರಿಸುತ್ತಾನೆ. ಗಣಕದ ತಂತ್ರಾಂಶಗಳ ವಿಷಯದಲ್ಲಿ ಈ ವಿವೇಕವು ನಮ್ಮನ್ನು ಬಿಟ್ಟುಹೋಗುವುದುಂಟು. ಸಂಖ್ಯೆ ದೊಡ್ಡದಾದರೆ ಗುಣವೂ ದೊಡ್ಡದೆಂದು ಕೆಲವರು ನಂಬುತ್ತಾರೆ. ಕೈಗೆ ಪಳಗಿದ್ದೇ ಸಾಕೆಂದು ಮತ್ತೆ ಕೆಲವರು ಹಟ ಹಿಡಿಯುತ್ತಾರೆ. ಛಾಯಾಚಿತ್ರಗಳನ್ನು ತಿದ್ದುವ ತಂತ್ರಾಂಶವನ್ನು ಬದಲಾಯಿಸಬೇಕೆ ಎಂಬ ಪ್ರಶ್ನೆಗೆ ಉತ್ತರ ಕೊಡಬೇಕಾದುದು ನಂಬಿಕೆಯಲ್ಲ, ಹಟವೂ ಅಲ್ಲ. ಸ್ವಲ್ಪ ಗಣಿತ, ಸ್ವಲ್ಪ ಭೌತವಿಜ್ಞಾನ.

ನಿದರ್ಶನಕ್ಕಾಗಿ ಗಿಂಪ್ ಎಂಬ ತಂತ್ರಾಂಶವನ್ನು ತೆಗೆದುಕೊಳ್ಳೋಣ. ಬರ್ಕ್‌ಲಿಯ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದಲ್ಲಿ ವಿದ್ಯಾರ್ಥಿಗಳಾಗಿದ್ದ ಸ್ಪೆನ್ಸರ್ ಕಿಂಬಲ್ ಮತ್ತು ಪೀಟರ್ ಮ್ಯಾಟಿಸ್ ಎಂಬ ಇಬ್ಬರು 1995ರಲ್ಲಿ ಇದರ ರಚನೆಗೆ ತೊಡಗಿದರು. 1996ರಲ್ಲಿ ಅದು ಸಾರ್ವಜನಿಕರಿಗೆ ದೊರೆಯಿತು. ಯಾರು ಬೇಕಾದರೂ ಇದನ್ನು ಬೆಲೆಯಿಲ್ಲದೆ ಬಳಸಬಹುದು. ಇದರ ಮೂರು ಆವೃತ್ತಿಗಳು ನಮ್ಮ ವಿಚಾರಕ್ಕೆ ಮುಖ್ಯವಾದವು: 2012ರ 2.8, 2018ರ 2.10 ಮತ್ತು 2025ರ ಮಾರ್ಚ್ ತಿಂಗಳಲ್ಲಿ ಹೊರಬಂದ 3.0. ಹಣದ ಮಾತು ಇಲ್ಲವಾದುದರಿಂದ ಇಲ್ಲಿ ಗುಣದೋಷಗಳನ್ನೇ ತೂಗಿ ನೋಡಲು ಅನುಕೂಲವಾಗುತ್ತದೆ.

ಚಿತ್ರದೊಳಗಿನ ಲೆಕ್ಕ

ಗಣಕದ ಪಾಲಿಗೆ ಛಾಯಾಚಿತ್ರವೆಂದರೆ ಸಂಖ್ಯೆಗಳ ಒಂದು ದೊಡ್ಡ ಕೋಷ್ಟಕ. ಪ್ರತಿಯೊಂದು ಪಿಕ್ಸೆಲಿಗೂ ಕೆಂಪು, ಹಸಿರು, ನೀಲಿಗಳ ಪ್ರಮಾಣವನ್ನು ಹೇಳುವ ಮೂರು ಸಂಖ್ಯೆಗಳಿರುತ್ತವೆ. ಸಾಮಾನ್ಯವಾದ ಜೆಪೆಗ್ ಚಿತ್ರದಲ್ಲಿ ಒಂದೊಂದು ಸಂಖ್ಯೆಗೂ 8 ಬಿಟ್‌ಗಳ ಸ್ಥಳ. ಎಂದರೆ 0ಯಿಂದ 255ರವರೆಗಿನ 256 ಮೆಟ್ಟಿಲುಗಳು. ಚಿತ್ರವನ್ನು ತಿದ್ದುವುದೆಂದರೆ ಈ ಸಂಖ್ಯೆಗಳ ಮೇಲೆ ಕೂಡುವ, ಕಳೆಯುವ, ಗುಣಿಸುವ, ಭಾಗಿಸುವ ಕೆಲಸ.

ಗಿಂಪ್ 2.8 ತನ್ನ ಲೆಕ್ಕವನ್ನು ಈ 256 ಮೆಟ್ಟಿಲುಗಳ ಮೇಲೆಯೇ ನಡೆಸುತ್ತಿತ್ತು. ಇದರ ಪರಿಣಾಮವನ್ನು ನೋಡಿರಿ. ಪಕ್ಕಪಕ್ಕದ ಮೂರು ಪಿಕ್ಸೆಲುಗಳ ಬೆಲೆ 99, 100, 101 ಎಂದಿರಲಿ. ಚಿತ್ರವನ್ನು ಕಪ್ಪಾಗಿಸಲು ಇವನ್ನು ನಾಲ್ಕರಿಂದ ಭಾಗಿಸಿದರೆ 24.75, 25, 25.25 ಬರುತ್ತವೆ. ಭಿನ್ನರಾಶಿಗೆ ಸ್ಥಳವಿಲ್ಲದುದರಿಂದ ಮೂರೂ 25 ಆಗುವುವು. ಆಮೇಲೆ ಮನಸ್ಸು ಬದಲಾಯಿಸಿ ನಾಲ್ಕರಿಂದ ಗುಣಿಸಿದರೆ ಮೂರೂ 100. ಮೂರು ಛಾಯೆಗಳಿದ್ದ ಕಡೆ ಒಂದೇ ಛಾಯೆ ಉಳಿಯಿತು. ಇಡೀ ಚಿತ್ರದಲ್ಲಿ 256 ಮೆಟ್ಟಿಲುಗಳ ಬದಲು 65 ಮಾತ್ರ ಉಳಿಯುತ್ತವೆ. ಸಂಜೆಯ ಆಕಾಶದಲ್ಲಿ ನಯವಾಗಿ ಇಳಿಯಬೇಕಾದ ಬಣ್ಣವು ಪಟ್ಟೆಪಟ್ಟೆಯಾಗಿ ಕಾಣುವುದಕ್ಕೆ ಇದೊಂದು ಮುಖ್ಯ ಕಾರಣ.

ಪ್ರಯೋಗಶಾಲೆಯಲ್ಲಿ ಲೆಕ್ಕದ ನಡುವೆ ದಶಮಾಂಶಗಳನ್ನು ಕತ್ತರಿಸಬಾರದು, ಕೊನೆಯ ಉತ್ತರದಲ್ಲಿ ಮಾತ್ರ ಕತ್ತರಿಸಬೇಕು ಎಂಬ ನಿಯಮವನ್ನು ವಿದ್ಯಾರ್ಥಿಗಳೆಲ್ಲರೂ ಬಲ್ಲರು. ಗಿಂಪ್ 2.10 ಮಾಡಿದುದು ಈ ನಿಯಮದ ಪಾಲನೆಯೇ. ಅದರಲ್ಲಿ 16 ಅಥವಾ 32 ಬಿಟ್‌ಗಳ ಸಂಖ್ಯೆಗಳನ್ನು ಆರಿಸಿಕೊಳ್ಳಬಹುದು. 32 ಬಿಟ್‌ಗಳ ದಶಮಾಂಶ ಸಂಖ್ಯೆಯಲ್ಲಿ 24.75 ಎಂಬುದು 24.75 ಆಗಿಯೇ ಉಳಿಯುತ್ತದೆ. ನಾಲ್ಕರಿಂದ ಗುಣಿಸಿದಾಗ 99 ಮರಳಿ ಬರುತ್ತದೆ.

ಬೆಳಕನ್ನು ಕೂಡುವ ಬಗೆ

ಎರಡನೆಯ ಸುಧಾರಣೆ ಇನ್ನೂ ಸೂಕ್ಷ್ಮವಾದುದು. ಚಿತ್ರದಲ್ಲಿ ಬರೆದಿಡುವ ಸಂಖ್ಯೆಯು ಬೆಳಕಿನ ಪ್ರಮಾಣಕ್ಕೆ ನೇರವಾದ ಅನುಪಾತದಲ್ಲಿಲ್ಲ. ನಮ್ಮ ಕಣ್ಣು ಮಬ್ಬಿನ ಸಣ್ಣ ವ್ಯತ್ಯಾಸಗಳನ್ನು ಹೆಚ್ಚಾಗಿ ಗುರುತಿಸುವುದರಿಂದ, ಕಡಿಮೆ ಬೆಳಕಿನ ಭಾಗಕ್ಕೆ ಹೆಚ್ಚು ಮೆಟ್ಟಿಲುಗಳನ್ನು ಕೊಡುವ ವಕ್ರರೇಖೆಯೊಂದನ್ನು ಬಳಸುತ್ತಾರೆ. ಬಿಳುಪಿನ ಬೆಲೆ 255. ಬೆಳಕು ಅದರ ಅರ್ಧದಷ್ಟಾದರೆ ಸಂಖ್ಯೆ 128 ಆಗುವುದಿಲ್ಲ, ಸುಮಾರು 188 ಆಗುತ್ತದೆ. 128 ಎಂಬುದು ಸೂಚಿಸುವ ಬೆಳಕು ಬಿಳುಪಿನ ಶೇಕಡ 22ರಷ್ಟು ಮಾತ್ರ.

ಕಪ್ಪು ಪದರದ ಮೇಲೆ ಬಿಳಿಯ ಪದರವನ್ನಿಟ್ಟು, ಮೇಲಿನದರ ಸಾಂದ್ರತೆಯನ್ನು ಅರ್ಧಕ್ಕೆ ಇಳಿಸಿದೆವೆನ್ನಿ. ನಿಜವಾದ ಬೆಳಕಿನಲ್ಲಿ ಅರ್ಧಾಂಶ ಬರಬೇಕು. ಸಂಖ್ಯೆಗಳ ಸರಾಸರಿಯನ್ನಷ್ಟೆ ತೆಗೆಯುವ ಹಳೆಯ ಆವೃತ್ತಿ ಸುಮಾರು 128ನ್ನು ಕೊಡುತ್ತದೆ. ಬೆಳಕನ್ನೇ ಬೆರೆಸುವ 2.10ರ ಸಾಮಾನ್ಯ ವಿಧಾನ 188ನ್ನು ಕೊಡುತ್ತದೆ. ಬಣ್ಣಗಳನ್ನು ಬೆರೆಸುವಾಗಲೂ ಹೀಗೆಯೇ. ಶುದ್ಧವಾದ ಕೆಂಪಿನ ಮೇಲೆ ಅರ್ಧ ಸಾಂದ್ರತೆಯ ಹಸಿರು ಪದರವನ್ನಿಟ್ಟಾಗ ಹಳೆಯ ಲೆಕ್ಕದಲ್ಲಿ ಕೊಳಕು ಕಂದು ಬಣ್ಣ ಹುಟ್ಟುವುದು. ಹೊಸ ಲೆಕ್ಕದಲ್ಲಿ ಕೆಂಪು ದೀಪವೂ ಹಸಿರು ದೀಪವೂ ಒಂದೇ ಗೋಡೆಯ ಮೇಲೆ ಬಿದ್ದಾಗ ಕಾಣುವಂತೆ ಹಳದಿಗೆ ಸಮೀಪವಾದ ಬಣ್ಣ ಬರುವುದು. ಇದು ರುಚಿಭೇದದ ಮಾತಲ್ಲ. ಭೌತವಿಜ್ಞಾನದ ದೃಷ್ಟಿಯಿಂದ ಒಂದು ಸರಿ, ಮತ್ತೊಂದು ತಪ್ಪು. ಹಳೆಯ ಕಡತಗಳ ರೂಪ ಕೆಡದಿರಲೆಂದು ಹಳೆಯ ಬೆರೆಕೆಯ ವಿಧಾನಗಳನ್ನೂ 2.10ರಲ್ಲಿ ಉಳಿಸಿಕೊಂಡಿದ್ದಾರೆ.

ಇನ್ನು 3.0ರ ವಿಶೇಷವೇನು? ಹಿಂದೆ ಶೋಧಕವೊಂದನ್ನು ಪ್ರಯೋಗಿಸಿದೊಡನೆ ಪಿಕ್ಸೆಲುಗಳೇ ಬದಲಾಗುತ್ತಿದ್ದುವು. ಹೊಸ ಆವೃತ್ತಿಯಲ್ಲಿ ಬಹುತೇಕ ಶೋಧಕಗಳನ್ನು ಪದರಕ್ಕೆ ಲಗತ್ತಿಸಿಡಬಹುದು. ಮೂಲದ ಪಿಕ್ಸೆಲುಗಳು ಹಾಗೆಯೇ ಇರುತ್ತವೆ. ವಾರ ಕಳೆದ ಮೇಲೆ ಕಡತವನ್ನು ತೆರೆದು ಮಸುಕಿನ ಪ್ರಮಾಣವನ್ನು ಬದಲಾಯಿಸಬಹುದು, ಅಥವಾ ತೆಗೆದೇ ಬಿಡಬಹುದು. ಇದು ಬಹು ದೊಡ್ಡ ಅನುಕೂಲ. ಆದರೆ 2.8ರಿಂದ 2.10ಕ್ಕೆ ಬಂದಾಗ ಲೆಕ್ಕವೇ ಸರಿಹೋಯಿತು, 2.10ರಿಂದ 3.0ಕ್ಕೆ ಬಂದಾಗ ಮುಖ್ಯವಾಗಿ ಕೆಲಸದ ಕ್ರಮ ಸುಧಾರಿಸಿತು. ಈ ಭೇದವನ್ನು ಮರೆಯಬಾರದು.

ತೆರಬೇಕಾದ ಬೆಲೆ

ಹಣವಿಲ್ಲದಿದ್ದರೂ ಬೆಲೆಯುಂಟು. 2 ಕೋಟಿ 40 ಲಕ್ಷ ಪಿಕ್ಸೆಲುಗಳ ಚಿತ್ರವೊಂದಿದೆ ಎನ್ನೋಣ. ಮೂರು ಬಣ್ಣಗಳಿಗೆ ಪಾರದರ್ಶಕತೆಯ ಸಂಖ್ಯೆಯೂ ಸೇರಿದರೆ ಪಿಕ್ಸೆಲಿಗೆ ನಾಲ್ಕು ಸಂಖ್ಯೆಗಳು. 8 ಬಿಟ್ ಲೆಕ್ಕದಲ್ಲಿ ಒಂದು ಪದರಕ್ಕೆ 96 ಮೆಗಾಬೈಟ್ ಸ್ಮೃತಿ ಬೇಕು. 32 ಬಿಟ್ ಲೆಕ್ಕದಲ್ಲಿ 384. ಐದು ಪದರಗಳಾದರೆ 1,920 ಮೆಗಾಬೈಟ್. ನಾಲ್ಕು ಗಿಗಾಬೈಟ್ ಸ್ಮೃತಿಯ ಹಳೆಯ ಗಣಕದಲ್ಲಿ ಅರ್ಧದಷ್ಟು ಇದಕ್ಕೇ ಹೋಯಿತು. ಲಗತ್ತಿಸಿದ ಶೋಧಕಗಳ ಫಲವನ್ನು ಬೇಕಾದಾಗಲೆಲ್ಲ ಮತ್ತೆ ಲೆಕ್ಕಹಾಕಬೇಕಾದುದರಿಂದ ಕಾಲವೂ ವ್ಯಯವಾಗುವುದು.

ಅಲ್ಲದೆ 2.10ಕ್ಕಾಗಿ ಪೈಥಾನ್ 2 ಭಾಷೆಯಲ್ಲಿ ಬರೆದ ಪ್ಲಗಿನ್‌ಗಳು 3.0ರಲ್ಲಿ ನಡೆಯುವುದಿಲ್ಲ, ಅವನ್ನು ಪೈಥಾನ್ 3ಕ್ಕೆ ಹೊಂದಿಸಿ ಬರೆಯಬೇಕು. ಹೊಸ ಸೌಕರ್ಯಗಳನ್ನು ಬಳಸಿ ಉಳಿಸಿದ ಕಡತವನ್ನು ಹಳೆಯ ಆವೃತ್ತಿ ಇರುವ ಗೆಳೆಯನ ಗಣಕದಲ್ಲಿ ತೆರೆಯಲಾಗದೆ ಹೋಗಬಹುದು. ಹಳತರಲ್ಲೇ ನಿಲ್ಲುವುದಕ್ಕೂ ಬೆಲೆಯಿದೆ: ದುರುದ್ದೇಶದಿಂದ ರಚಿಸಿದ ಕಡತಗಳಿಂದ ಒದಗುವ ಅಪಾಯಕ್ಕೆ ತಡೆಗಳನ್ನು ಹೊಸ ಆವೃತ್ತಿಗಳಲ್ಲಿಯೇ ಸೇರಿಸುತ್ತಾರೆ. ಅಪರಿಚಿತರು ಕಳುಹಿಸಿದ ಚಿತ್ರಗಳನ್ನು ತೆರೆಯುವವರು ಇದನ್ನು ಗಮನಿಸಬೇಕು.

ಯಾವ ಆವೃತ್ತಿಯೂ ಕೊಡಲಾರದುದು

ಕ್ಯಾಮೆರದ ಸಂವೇದಕದ ಮೇಲೆ ಬೆಳಕು ಫೋಟಾನುಗಳಾಗಿ ಬೀಳುತ್ತದೆ. ಪಿಕ್ಸೆಲೊಂದಕ್ಕೆ ಸರಾಸರಿ 100 ಫೋಟಾನುಗಳು ಬಿದ್ದರೆ ಸಹಜವಾದ ಏರಿಳಿತ ಅದರ ವರ್ಗಮೂಲವಾದ 10. ಎಂದರೆ ಶೇಕಡ 10. ಹತ್ತು ಸಾವಿರ ಬಿದ್ದರೆ ಏರಿಳಿತ 100. ಶೇಕಡ 1 ಮಾತ್ರ. ಮಬ್ಬಿನಲ್ಲಿ ತೆಗೆದ ಚಿತ್ರದ ಮರಳುಮರಳಾದ ಮೈಗೆ ಇದೇ ಕಾರಣ. ಬೆಳಕು ಮಿತಿಮೀರಿದ ಕಡೆ ಸಂವೇದಕ ತುಂಬಿಹೋಗಿ, ಮೋಡದ ವಿವರಗಳೆಲ್ಲ ಒಂದೇ ಬಿಳುಪಾಗುತ್ತವೆ. ಹೀಗೆ ಕಳೆದುಹೋದುದನ್ನು ಯಾವ ಲೆಕ್ಕವೂ ಮರಳಿ ತರಲಾರದು.

ಕೃತಕ ಬುದ್ಧಿಮತ್ತೆಯನ್ನು ಅಳವಡಿಸಿಕೊಂಡ ಕೆಲವು ತಂತ್ರಾಂಶಗಳು ಇಂಥ ಕಡೆಗಳನ್ನು ಅಂದವಾಗಿ ತುಂಬಿಕೊಡುವುದುಂಟು. ಅಡೋಬಿ ಸಂಸ್ಥೆ 2023ರಲ್ಲಿ ಫೋಟೋಶಾಪಿಗೆ ಇಂಥ ಸೌಕರ್ಯವನ್ನು ಸೇರಿಸಿತು. ಆದರೆ ಹೀಗೆ ಬಂದ ವಿವರವು ಬೇರೆ ಸಾವಿರಾರು ಚಿತ್ರಗಳಿಂದ ಕಲಿತ ಊಹೆಯೇ ಹೊರತು ನಿಮ್ಮ ಕ್ಯಾಮೆರ ಕಂಡ ಸಂಗತಿಯಲ್ಲ. ಮದುವೆಯ ಚಿತ್ರದ ಹಿನ್ನೆಲೆಯಲ್ಲಿ ಇದರಿಂದ ಹಾನಿಯಿಲ್ಲ. ಸೂಕ್ಷ್ಮದರ್ಶಕದಲ್ಲಿ ಕಂಡ ಜೀವಕೋಶದ ಚಿತ್ರದಲ್ಲಾಗಲಿ, ಸೋಡಿಯಂ ರೋಹಿತದ ಚಿತ್ರದಲ್ಲಾಗಲಿ ಊಹೆಯ ಒಂದು ಗೆರೆ ಸೇರಿದರೂ ಅದು ಸುಳ್ಳು ಸಾಕ್ಷ್ಯವಾಗುತ್ತದೆ.

ಆದುದರಿಂದ ತೀರ್ಮಾನ ಹೀಗೆ: ಮೊಬೈಲಿನ ಚಿತ್ರಗಳ ಅಂಚು ಕತ್ತರಿಸಿ ಗಾತ್ರ ಕಿರಿದುಮಾಡುವಷ್ಟೇ ಕೆಲಸವಿದ್ದವರಿಗೆ ಚಿತ್ರದ ಗುಣಕ್ಕಾಗಿ ಆವೃತ್ತಿ ಬದಲಾಯಿಸುವ ಅಗತ್ಯವಿಲ್ಲ. ಚಿತ್ರವನ್ನು ಹಲವು ಹಂತಗಳಲ್ಲಿ ತಿದ್ದುವವರು, ಪದರಗಳನ್ನು ಬೆರೆಸುವವರು 2.8ರಲ್ಲಿ ಇನ್ನೂ ನಿಂತಿದ್ದರೆ ಅದನ್ನು ಬಿಡುವುದು ಲೇಸು. 2.10ರಿಂದ 3.0ಕ್ಕೆ ಹೋಗುವವರು ತಮ್ಮ ಗಣಕದ ಸ್ಮೃತಿಯನ್ನೂ ತಮಗೆ ಬೇಕಾದ ಪ್ಲಗಿನ್‌ಗಳನ್ನೂ ಮೊದಲು ಪರೀಕ್ಷಿಸಿಕೊಳ್ಳಲಿ. ಯಾರೇ ಆಗಲಿ, ಮೂಲ ಚಿತ್ರವನ್ನೂ ಹಳೆಯ ಕಡತಗಳನ್ನೂ ಬೇರೆಡೆ ನಕಲು ಮಾಡಿ ಇಟ್ಟ ಮೇಲೆಯೇ ಹೊಸದನ್ನು ಸ್ಥಾಪಿಸತಕ್ಕದ್ದು. ಒಂದೇ ಚಿತ್ರವನ್ನು ಎರಡು ಆವೃತ್ತಿಗಳಲ್ಲಿಯೂ ನಾಲ್ಕುಪಟ್ಟು ಕಪ್ಪಾಗಿಸಿ, ಮತ್ತೆ ನಾಲ್ಕುಪಟ್ಟು ಬೆಳಗಿಸಿ, ಆಕಾಶದ ಭಾಗವನ್ನು ಹೋಲಿಸಿ ನೋಡಿರಿ. ಯಾವ ಜಾಹೀರಾತಿಗಿಂತಲೂ ಈ ಪ್ರಯೋಗವೇ ನಿಮಗೆ ಸರಿಯಾದ ಸಲಹೆಯನ್ನು ಕೊಡುವುದು.