ಭಾನುವಾರದ ಒಗ್ಗರಣಿ, ಬಿಸಿ ಮಿರ್ಚಿ

ಹರಪನಹಳ್ಳಿಯಲ್ಲಿ ಭಾನುವಾರ ಬೆಳಿಗ್ಗೆ ಗೆಳೆಯರನ್ನು ಹುಡುಕಿಕೊಂಡು ಅವರ ಮನೆಗೆ ಹೋಗುವುದು ದಂಡ. ಒಗ್ಗರಣಿ ಅಂಗಡಿಗೆ ಹೋಗಬೇಕು. ತಗಡಿನ ಚಪ್ಪರ, ಎರಡು ಬೆಂಚು, ಮಸಿ ಹಿಡಿದ ದೊಡ್ಡ ಬಾಣಲೆ. ‘ಅಣ್ಣಾ, ನಾಲ್ಕು ಒಗ್ಗರಣಿ, ಎಂಟು ಮಿರ್ಚಿ ಕೊಡ್ರಿ’ ಎಂದು ಒಬ್ಬ ಕೂಗಿದರೆ ಉಳಿದವರು ಜರುಗಿ ಜಾಗ ಮಾಡುತ್ತಾರೆ.

ಮಂಡಕ್ಕಿ ಒಗ್ಗರಣೆಯ ಮರ್ಮವೆಲ್ಲ ಹಿಂಡುವ ಕೈಯಲ್ಲಿದೆ. ನೀರಿಗೆ ಹಾಕಿದ ಮಂಡಕ್ಕಿ ತೊಯ್ದದ್ದೇ ತಡ, ಎರಡೂ ಅಂಗೈಯಲ್ಲಿ ಒತ್ತಿ ತೆಗೆಯಬೇಕು. ತುಸು ತಡವಾದರೆ ಮುದ್ದೆ, ಅವಸರ ಮಾಡಿದರೆ ಒಣಕಲು. ಬಾಣಲೆಯಲ್ಲಿ ಸಾಸಿವೆ, ಕರಿಬೇವು, ಹಸಿಮೆಣಸಿನಕಾಯಿ, ಈರುಳ್ಳಿ, ಅರಿಸಿನ, ಹುಣಸೆರಸ ಹದಕ್ಕೆ ಬಂದಾಗ ಹಿಂಡಿದ ಮಂಡಕ್ಕಿ ಬೀಳುತ್ತದೆ. ಅದರ ಮೇಲೆ ಪುಟಾಣಿ ಹಿಟ್ಟು. ಉಳಿದ ತೇವವನ್ನು ಹೀರಿಕೊಂಡು ಬಿಡಿಬಿಡಿಯಾಗಿಸುವುದು ಈ ಹಿಟ್ಟೇ. ಅದರಲ್ಲಿ ಕೈ ಬಿಗಿ ಹಿಡಿಯುವ ಅಂಗಡಿಗೆ ನನ್ನ ಓಟಿಲ್ಲ.

ಪಕ್ಕದ ಒಲೆಯಲ್ಲಿ ಮಿರ್ಚಿ. ಉದ್ದನೆಯ ಮೆಣಸಿನಕಾಯಿಯ ಹೊಟ್ಟೆ ಸೀಳಿ, ಉಪ್ಪು-ಜೀರಿಗೆ ಸವರಿ, ಕಡಲೆಹಿಟ್ಟಿನಲ್ಲಿ ಅದ್ದಿ ಎಣ್ಣೆಗೆ ಬಿಡುತ್ತಾರೆ. ತೊಟ್ಟು ಹಿಡಿದು ಕಚ್ಚಬೇಕು. ಆರಿದರೆ ಅದಕ್ಕೆ ಬೆಲೆಯಿಲ್ಲ.

ಬಳ್ಳಾರಿ ಜಿಲ್ಲೆಯಲ್ಲಿದ್ದ ಹರಪನಹಳ್ಳಿ 1997ರಲ್ಲಿ ದಾವಣಗೆರೆಗೆ ಸೇರಿತು. ಮತ್ತೆ ಬಳ್ಳಾರಿಗೆ ಮರಳಿ, 2021ರಲ್ಲಿ ವಿಜಯನಗರ ಜಿಲ್ಲೆಯ ತಾಲ್ಲೂಕಾಯಿತು. ಅತ್ತ ಬಳ್ಳಾರಿಯ ಒಗ್ಗರಣಿ-ಮಿರ್ಚಿ, ಇತ್ತ ಮಂಡಕ್ಕಿ ಭಟ್ಟಿಗಳಿಗೆ ಹೆಸರಾದ ದಾವಣಗೆರೆ. ನಡುವೆ ಕೂತವರಿಗೆ ಎರಡೂ ಸ್ವಂತ. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಎಲ್ಲಿ ಬಸ್ಸಿಳಿದರೂ ಇದೇ ಘಮ. ಕೊಟ್ಟೂರಿನವರು ಮಾತ್ರ ತಮ್ಮ ಮಿರ್ಚಿಯ ಮುಂದೆ ಬೇರೆಯದನ್ನು ಒಪ್ಪುವುದಿಲ್ಲ.

ಒಗ್ಗರಣಿ ಅಗ್ಗಕ್ಕೆ ಸಿಗುವುದು ಮಂಡಕ್ಕಿಯ ಗುಣದಿಂದ. ಉಪ್ಪುನೀರು ಹಿಡಿಸಿದ ಅಕ್ಕಿ ಕಾದ ಮರಳಿನಲ್ಲಿ ಹಲವು ಪಟ್ಟು ಅರಳುತ್ತದೆ. ಹಿಡಿ ಅಕ್ಕಿಯಲ್ಲಿ ತಟ್ಟೆ ತುಂಬುತ್ತದೆ. ಬೆಂಗಳೂರಿನ ಕೆಫೆಯಲ್ಲಿ ಒಬ್ಬ ಕುಡಿಯುವ ಕಾಫಿಯ ದುಡ್ಡಿಗೆ ಇಲ್ಲಿ ಇಡೀ ಬೆಂಚು ತಿಂದೇಳಬಹುದು.

ತಟ್ಟೆ ಖಾಲಿಯಾದರೂ ಏಳಿ ಎನ್ನುವವರಿಲ್ಲ. ಮೆಕ್ಕೆಜೋಳದ ರೇಟು, ಕೈಕೊಟ್ಟ ಮಳೆ, ರಜೆಗೆ ಬಂದವನ ಬೆಂಗಳೂರು ಪುರಾಣ ಎಲ್ಲ ಆಗಬೇಕು. 1913ರಲ್ಲಿ ಹಾಸ್ಯಸಾಹಿತಿ ಬೀಚಿ ಹುಟ್ಟಿದ ಊರಿದು. ಕಾಲೆಳೆಯುವುದರಲ್ಲಿ ಯಾರೂ ಹಿಂದೆ ಬೀಳುವುದಿಲ್ಲ. ಆಮೇಲೆ ದುಡ್ಡು ಕೊಡುವ ಜಗಳ. ‘ಹೋದ ವಾರ ನೀನೇ ಕೊಟ್ಟೀಯಲ್ಲ, ಸುಮ್ನಿರಲೇ’ ಎಂದು ಒಬ್ಬ ಇನ್ನೊಬ್ಬನ ಕೈ ಹಿಡಿಯುತ್ತಾನೆ. ಅಷ್ಟರಲ್ಲಿ ಮೂರನೆಯವನು ಫೋನ್‌ಪೇ ಮಾಡಿ, ಅರ್ಧರ್ಧ ಚಹಾಕ್ಕೂ ಹೇಳಿಬಿಟ್ಟಿರುತ್ತಾನೆ.