ಹಸಿವಿನ ಬೀಗ

ಊಟ ಮಾಡುತ್ತೇವೆ. ಸ್ವಲ್ಪ ಹೊತ್ತಿಗೆ ‘ಸಾಕಪ್ಪಾ’ ಅನಿಸುತ್ತದೆ. ಹೀಗೆ ಹೇಳುವವರು ಯಾರು?

ಅಮೆರಿಕದ ಮೇನ್ ರಾಜ್ಯದಲ್ಲಿ ಜಾಕ್ಸನ್ ಪ್ರಯೋಗಾಲಯ ಇದೆ. 1960ರ ದಶಕದಲ್ಲಿ ಅಲ್ಲಿ ಒಂದು ಜಾತಿಯ ಇಲಿ ಹುಟ್ಟಿತು. ಅದಕ್ಕೆ ಎಷ್ಟು ತಿಂದರೂ ಸಾಲದು. ಮೈ ಊದಿತು. ಸಕ್ಕರೆ ಕಾಯಿಲೆಯೂ ಬಂತು. ಡಗ್ಲಸ್ ಕೋಲ್ಮನ್ ಎಂಬ ವಿಜ್ಞಾನಿ ಇದನ್ನು ವರ್ಷಗಟ್ಟಲೆ ಪರೀಕ್ಷಿಸಿದರು.

ಕಾರಣ ನಿಧಾನಕ್ಕೆ ತಿಳಿಯಿತು. ನಮ್ಮ ಮೈಯ ಕೊಬ್ಬು ಲೆಪ್ಟಿನ್ ಎಂಬ ವಸ್ತುವನ್ನು ರಕ್ತಕ್ಕೆ ಬಿಡುತ್ತದೆ. ಇದು 1994ರಲ್ಲಿ ಗೊತ್ತಾಯಿತು. ಲೆಪ್ಟಿನ್ ಒಂದು ಕೀಲಿಕೈ. ಅದಕ್ಕೆ ಸರಿಹೊಂದುವ ಬೀಗ ಮಿದುಳಿನಲ್ಲಿದೆ. ಆ ಬೀಗವೇ ರಿಸೆಪ್ಟರ್. ಇದೂ ಒಂದು ಪ್ರೋಟೀನ್. 1995ರಲ್ಲಿ ಇದು ಸಿಕ್ಕಿತು. ಆ ಇಲಿಗೆ ಕೀಲಿಕೈ ಇತ್ತು, ಬೀಗ ಕೆಟ್ಟಿತ್ತು.

ಇಲಿಯ ಮೈಯಲ್ಲಿ ಈ ಬೀಗ ಬಹಳ ಕಡಿಮೆ. ಪರೀಕ್ಷೆಗೆ ಸಾಲದು. ಅದಕ್ಕೆ ಒಂದು ಉಪಾಯ ಉಂಟು. ಬೀಗ ಮಾಡುವ ಇಲಿಯ ಜೀನನ್ನು ಬೇರೆ ಜೀವಕೋಶಕ್ಕೆ ಸೇರಿಸುತ್ತಾರೆ. ಜೀವಕೋಶಗಳನ್ನು ಪಾತ್ರೆಯಲ್ಲಿ ಬೆಳೆಸುತ್ತಾರೆ. ಅವು ಬೀಗ ತಯಾರಿಸುತ್ತವೆ. ಅಕ್ಕಿಯಿಂದ ಕಲ್ಲು ಆರಿಸುವಂತೆ ಉಳಿದದ್ದನ್ನೆಲ್ಲ ಬೇರೆ ಮಾಡುತ್ತಾರೆ. ಶುದ್ಧ ಪ್ರೋಟೀನನ್ನು ತಣ್ಣಗೆ ಇಡುತ್ತಾರೆ. ಇದು ಔಷಧಿ ಅಲ್ಲ. ಯಾವ ವಸ್ತು ಬೀಗಕ್ಕೆ ಹೊಂದುತ್ತದೆ ಎಂದು ನೋಡಲು ಮಾತ್ರ.

ಕೆಲವೇ ಮಕ್ಕಳಿಗೆ ಹುಟ್ಟಿನಿಂದಲೇ ಲೆಪ್ಟಿನ್ ಇರುವುದಿಲ್ಲ. ಅವರಿಗೆ ಹಸಿವು ತಡೆಯಲಾಗದು. ಅಂಥ ಒಂದು ಮಗುವಿಗೆ ಲೆಪ್ಟಿನ್ ಕೊಟ್ಟಾಗ ಹಸಿವು ತಗ್ಗಿತು, ತೂಕ ಇಳಿಯಿತು. ಈ ಸುದ್ದಿ 1999ರಲ್ಲಿ ಬಂತು.

ಎಲ್ಲರ ದಪ್ಪಕ್ಕೂ ಇದೇ ಕಾರಣ ಅಲ್ಲ. ಆದರೂ ದಪ್ಪಗಿರುವ ಮಗುವನ್ನು ‘ಹೊಟ್ಟೆಬಾಕ’ ಎಂದು ಬಯ್ಯುವುದು ಬೇಡ. ಮೊದಲು ಡಾಕ್ಟರಿಗೆ ತೋರಿಸೋಣ.